ಹದಿನೇಳನೇ ಸಾಲು

ಸಿರಾ
೨೩ ನವೆಂಬರ್ ೨೦೨೫, ಭಾನುವಾರ

ಪ್ರೀತಿಯ ಯೂನುಸ್,

ಸಲಾಮ್. ಹೇಗಿದ್ದೀಯ? ನೆಗಡಿ ಹೋಯಿತಾ? ಹೋದ ವಾರ ವೀಡಿಯೋದಲ್ಲಿ ನಿನ್ನ ಮೂಗು ಕೆಂಪಗಿದ್ದದ್ದು ನೋಡಿದಾಗಿನಿಂದ ಅಮ್ಮಿಗೆ ಅದೇ ಚಿಂತೆ. ಸೊಸೆ ಡಾಕ್ಟರು, ಮಗ ಡಾಕ್ಟರು, ಆದರೂ ಮೆಣಸಿನ ಕಷಾಯದ ಪುಡಿ ಕುಟ್ಟಿ ಡಬ್ಬಿಗೆ ತುಂಬಿದ್ದಾರೆ. ಪಕ್ಕದ ಬೀದಿಯ ಕಲೀಮುಲ್ಲಾ ಬುಧವಾರ ನೀನಿರೋ ಊರಿಗೇ ಹೊರಡ್ತಾನೆ, ಅವನ ಕೈಲಿ ಆ ಪುಡಿ, ನಿಂಬೆಕಾಯಿ ಉಪ್ಪಿನಕಾಯಿ, ಈ ಕಾಗದ. ರಾತ್ರಿ ಕಿವಿಗೆ ಟೋಪಿ ಹಾಕಿಕೊಂಡೇ ಮಲಗಬೇಕಂತೆ, ಅಮ್ಮಿಯ ಅಪ್ಪಣೆ. ಅವರ ಮಂಡಿನೋವು ಹಾಗೇ ಇದೆ. ನಾನು ಚೆನ್ನಾಗಿದ್ದೀನಿ. ಬರೀ ಸುಸ್ತು, ನಿದ್ದೆ ಮಾಡಿದರೂ ಹೋಗದ ಸುಸ್ತು.

ಫೋನ್ ಇರುವಾಗ ಕಾಗದ ಯಾಕೆ ಅಂತೀಯ. ಫೋನಲ್ಲಿ ನಾನು ಒಂದು ಮಾತು ಮುಗಿಸೋ ಮೊದಲೇ ನೀನು ಅದಕ್ಕೆ ಪರಿಹಾರ ಹೇಳಿಬಿಟ್ಟಿರ್ತೀಯ. ಈ ಸಲ ಪೂರ್ತಿ ಹೇಳಿ ಮುಗಿಸಬೇಕು ನನಗೆ. ಗುರುವಾರ ಅರ್ಜಿಯ ಕೊನೇ ದಿನ ಆಗಿತ್ತು. ನಾನು ಹಾಕಲಿಲ್ಲ. ಅವತ್ತಿನಿಂದ ನಿನ್ನ ಫೋನೂ ಎತ್ತಿಲ್ಲ. ಕ್ಷಮಿಸು.

ಅಮ್ಮಿ ಕೇಳಿದರು, "ಆರು ವರ್ಷ ಓದಿದ್ದು ಸಾಲದಾ ಬೇಟಿ, ಇನ್ನು ಯಾರ ಸಹಿ ಬೇಕು ನಿನಗೆ?" ನೀನಿರೋ ದೇಶದಲ್ಲಿ ನಿನ್ನ ಹಾಗೇ ಸರ್ಜರಿ ತರಬೇತಿಗೆ ಸೇರಬೇಕಾದರೆ ನಾನು ಯಾರ ಕೈಕೆಳಗೆ ದುಡಿದಿದ್ದೀನೋ ಆ ಹಿರಿಯ ಸರ್ಜನ್ ಒಂದು ಫಾರಂ ತುಂಬಬೇಕು, ಅದರಲ್ಲಿ ಇಪ್ಪತ್ತೆರಡು ಸಾಲಿದೆ, ಒಂದೊಂದು ಸಾಲಿನ ಮುಂದೆಯೂ 'ಇದನ್ನ ಈಕೆ ಮಾಡೋದು ನಾನೇ ಕಣ್ಣಾರೆ ನೋಡಿದ್ದೀನಿ' ಅಂತ ಸಹಿ ಹಾಕಬೇಕು, ಒಂದು ಬಿಟ್ಟರೂ ಅರ್ಜಿ ನಿಲ್ಲಲ್ಲ ಅಂತ ಹೇಳಿದೆ. ಅದಕ್ಕೆ ಅಮ್ಮಿ, "ಹೆಣ್ಣು ನೋಡೋಕೆ ಬಂದವರೂ ಇಷ್ಟು ಕೇಳಲ್ಲ" ಅಂದರು. ಬಹಳ ದಿನದ ಮೇಲೆ ನಕ್ಕೆ.

ಗಂಗಾಧರಯ್ಯ ಸಾರ್ ಇಪ್ಪತ್ತೊಂದಕ್ಕೆ ಸಹಿ ಹಾಕಿದರು. ಹದಿನೇಳನೇ ಸಾಲಿಗೆ 'ಇನ್ನೂ ಇಲ್ಲ' ಅಂತ ಬರೆದರು. ತನ್ನ ಮಿತಿ ಅರಿತು ಸಕಾಲಕ್ಕೆ ಹಿರಿಯರನ್ನು ಕರೆಯುತ್ತಾರೆ, ಅನ್ನೋ ಸಾಲು ಅದು. ಸೋಮವಾರ ರಾತ್ರಿ ನಿನಗೆ ಫೋನಲ್ಲಿ ಅಷ್ಟೇ ಹೇಳಿ ಅತ್ತೆ. ಯಾಕೆ ಅಂತ ಹೇಳಲಿಲ್ಲ. ಈಗ ಹೇಳ್ತೀನಿ.

ಸೆಪ್ಟೆಂಬರ್ ಎರಡನೇ ಭಾನುವಾರ. ಮಧುಗಿರಿ ಆಸ್ಪತ್ರೆಯಲ್ಲಿ ನಾನೊಬ್ಬಳೇ ಡ್ಯೂಟಿ. ಐ.ಡಿ.ಹಳ್ಳಿಯ ಅಂಗನವಾಡಿ ಟೀಚರ್ ಸಂಘಮಿತ್ರಾ ಅನ್ನೋರಿಗೆ ಹಿಂದಿನ ದಿನ ಸಾರ್ ಪಿತ್ತಕೋಶದ ಆಪರೇಷನ್ ಮಾಡಿದ್ದರು. ಸಾರ್ ಕೊರಟಗೆರೆಗೆ ನೆಂಟರ ಮಗುವಿನ ನಾಮಕರಣಕ್ಕೆ ಹೊರಟಾಗ, "ಏನೇ ಅನುಮಾನ ಬಂದ್ರೂ ಫೋನ್ ಮಾಡು, ಅರ್ಧ ಗಂಟೇಲಿ ಬರ್ತೀನಿ" ಅಂದಿದ್ದರು. ಹನ್ನೆರಡೂವರೆಗೆ ಆಕೆಯ ನಾಡಿ ಏರೋಕೆ ಶುರುವಾಯಿತು. ಹಳೇ ನರ್ಸ್ ಇಂದ್ರಮ್ಮ ಬಂದು, "ನಾಡಿ ಓಡ್ತೈತೆ ಕಣಮ್ಮ, ಸಾರ್‌ಗೆ ಒಂದು ಫೋನ್ ಮಾಡ್ಬುಡಣ" ಅಂದರು. ನೋವಿಗೆ ಹಾಗಾಗಿರುತ್ತೆ, ಡ್ರಿಪ್ ಜೋರು ಮಾಡಿ ಅಂದೆ. ಒಂದೂವರೆಗೆ ಮತ್ತೆ ಬಂದರು. "ಮುಖ ಬಿಳುಚ್ಕತಾ ಐತೆ. ಯಾಕೋ ನಂಗೆ ಸರಿಬರ್ತಿಲ್ಲ." ಇನ್ನೊಂದು ಬಾಟಲಿ ಹಾಕಿ ಅಂದೆ. ನನಗೆ ಗೊತ್ತಿತ್ತು ಯೂನುಸ್. ಎಲ್ಲೋ ಒಳಗೆ ರಕ್ತ ಹೋಗ್ತಿದೆ ಅಂತ ಗೊತ್ತಿತ್ತು. ಆದರೆ ಫಾರಂ ಆಗಲೇ ಬ್ಯಾಗಿನಲ್ಲಿತ್ತು, 'ಸ್ವತಂತ್ರವಾಗಿ ನಿಭಾಯಿಸುತ್ತಾರೆ' ಅನ್ನೋ ಸಾಲೂ ಅದರಲ್ಲಿತ್ತು. ಊಟದ ಎಲೆ ಮುಂದೆ ಕೂತವರನ್ನ ಎಬ್ಬಿಸಿ ಕರೆಸಿ, ಕೊನೆಗೆ ಏನೂ ಇಲ್ಲ ಅಂತಾದರೆ ನನ್ನನ್ನ ಏನಂದುಕೊಳ್ತಾರೆ ಅಂತ ಯೋಚನೆ ಮಾಡ್ತಾ ಕೂತೆ. ಎರಡು ಗಂಟೆ ದಾಟಿದ ಮೇಲೆ ಇಂದ್ರಮ್ಮ ನನ್ನನ್ನ ಕೇಳಲೇ ಇಲ್ಲ. ವರಾಂಡಕ್ಕೆ ಹೋಗಿ ತಮ್ಮ ಫೋನಿಂದಲೇ ಮಾಡಿದರು.

ಸಾರ್ ರೇಷ್ಮೆ ಪಂಚೆಯಲ್ಲೇ ಬಂದರು. ಹೊಟ್ಟೆ ಮೇಲೆ ಕೈಯಿಟ್ಟು "ಥಿಯೇಟರ್" ಅಂದರು, ಅಷ್ಟೇ. ಹೊಟ್ಟೆ ತೆರೆದರೆ ಒಳಗೆಲ್ಲ ರಕ್ತ. ಒಂದು ಸಣ್ಣ ರಕ್ತನಾಳದ ಕಟ್ಟು ಜಾರಿತ್ತು. ಆಕೆ ಬದುಕಿದರು. ಸಾರ್ ಕೈ ತೊಳೀತಾ ಕೇಳಿದರು, "ನಿಂಗೆ ಎಷ್ಟೊತ್ತಿಗೆ ಅನುಮಾನ ಬಂತು?" ಎರಡು ಗಂಟೆಗೆ ಸಾರ್ ಅಂದೆ. ನಾಡಿಯ ಲೆಕ್ಕ ಇಂದ್ರಮ್ಮನ ಅಕ್ಷರದಲ್ಲಿ, ಹನ್ನೆರಡೂವರೆಯಿಂದಲೂ, ಮಂಚದ ತುದಿಯಲ್ಲೇ ನೇತಾಡ್ತಿತ್ತು. ವಾರ್ಡಿಗೆ ಬಂದ ಸಾರ್ ಅದನ್ನ ಓದಿದರು. ಎರಡು ತಿಂಗಳು ಆ ಮಾತೆತ್ತಲಿಲ್ಲ. ಮರೆತಿದ್ದಾರೆ ಅಂದುಕೊಂಡೆ.

ಸೋಮವಾರ ಫಾರಂ ವಾಪಸ್ ಕೊಡ್ತಾ ಹೇಳಿದರು, "ಕೈ ಚೆನ್ನಾಗಿದೆ ಜೈಬಾ. ಬಾಯಿ ಬಿಡಲ್ಲ ನೀನು. ಇನ್ನಾರು ತಿಂಗಳು ಇರು. ನೀನು ಬಾಯಿ ಬಿಟ್ಟಿದ್ದು ನಾನು ನೋಡಿದ ದಿನವೇ ಸಹಿ." ಅರ್ಜಿ ಕರೆಯೋದು ವರ್ಷಕ್ಕೊಂದೇ ಸಲ, ಆರು ತಿಂಗಳು ಅಂದರೆ ಒಂದು ವರ್ಷದ ಸರದಿ ಹೋಯಿತು ಅಂತ ಅವರಿಗೂ ಗೊತ್ತು. ಬಸ್ಸಿನಲ್ಲಿ ಸಿರಾ ಬರೋವರೆಗೂ ಅವರನ್ನ ಮನಸ್ಸಿನಲ್ಲೇ ಬೈದೆ. ಅವರಿಗೇನು, ಸಂಜೆ ಮನೆಗೆ ಹೋದರೆ ಹೆಂಡತಿ ಇರ್ತಾರೆ. ಮದುವೆಯಾದ ಎರಡು ವರ್ಷದಲ್ಲಿ ನಾವು ಒಂದೇ ಸೂರಿನಡಿ ಇದ್ದದ್ದು ಎಪ್ಪತ್ತಮೂರು ದಿನ. ಬೆಳಿಗ್ಗೆ ಆರೂವರೆ ಬಸ್ಸು, ರಾತ್ರಿ ಪುಸ್ತಕ ಮುಖದ ಮೇಲೆ ಬಿದ್ದಾಗ ನಿದ್ದೆ. ಇನ್ನೊಂದು ಫಾರಂ, ಇನ್ನೊಂದು ಪರೀಕ್ಷೆ, ಇನ್ನೊಂದು ಸಾಲು. ನೀನು ಫೋನಲ್ಲಿ, "ಅಳಬೇಡ, ತುಮಕೂರಲ್ಲಿ ಒಬ್ಬರಿದ್ದಾರೆ, ನರ್ಸಿಂಗ್ ಹೋಮ್ ಇಟ್ಟುಕೊಂಡಿದ್ದಾರೆ, ಹೋಗಿ ನನ್ನ ಹೆಸರು ಹೇಳು, ಸಹಿ ಹಾಕ್ಕೊಡ್ತಾರೆ, ಎಲ್ಲರೂ ಮಾಡೋದೇ" ಅಂದಾಗ ನನಗೆ ಸಮಾಧಾನವೇ ಆಯಿತು. ಅದನ್ನೂ ಮುಚ್ಚಿಡಲ್ಲ.

ನಿನ್ನೆ ಸಂಘಮಿತ್ರಾ ತಪಾಸಣೆಗೆ ಬಂದಿದ್ದರು. ನನಗೇ ಅಂತ ಒಂದು ಚೀಲ ಹಸಿ ಕಡಲೆಕಾಯಿ ತಂದಿದ್ದರು. "ಅವತ್ತು ನೀವು ಪಕ್ಕದಲ್ಲೇ ಇದ್ರಲ್ಲ ಮೇಡಂ, ಅದುಕ್ಕೇ ನಾನು ಉಳ್ಕಂಡೆ" ಅಂದರು. ತೆಗೆದುಕೊಳ್ಳೋಕೆ ಚಾಚಿದ ಕೈ ಹಿಂದಕ್ಕೆ ತಗೊಂಡೆ. ಇಲ್ಲ ಸಂಘಮಿತ್ರಾ, ನಾನು ತಡ ಮಾಡಿದೆ, ಫೋನ್ ಮಾಡಿದ್ದು ಇಂದ್ರಮ್ಮ ಅಂದೆ. ಎಷ್ಟು ತಡ ಅಂತ ಕೇಳಿದರು. ಒಂದೂವರೆ ಗಂಟೆಗೂ ಮೇಲೆ ಅಂದೆ. ಆಕೆ ಎದ್ದು ಹೋಗಿ ಚೀಲವನ್ನ ಇಂದ್ರಮ್ಮನ ಮೇಜಿನ ಮೇಲಿಟ್ಟು ಹೊರಟುಬಿಟ್ಟರು. ಆಮೇಲೆ ಸಾರ್ ಕೋಣೆಗೆ ಹೋಗಿ, ಎರಡು ಗಂಟೆಗೆ ಅಲ್ಲ ಸಾರ್, ಹನ್ನೆರಡೂವರೆಗೇ ಗೊತ್ತಾಗಿತ್ತು ಅಂದೆ. "ಗೊತ್ತು, ಕೂತ್ಕೊ" ಅಂದರು. ಕಾಫಿ ತರಿಸಿದರು. ಇಬ್ಬರೂ ಕುಡಿದೆವು.

ಇಷ್ಟೇ ಆದದ್ದು. ಇನ್ನಾರು ತಿಂಗಳು ಇಲ್ಲೇ ಇರ್ತೀನಿ. ಅಮ್ಮಿಗೆ ಹೇಳಿದ್ದೀನಿ, ಅವರಿಗೆ ಒಳಗೊಳಗೇ ಖುಷಿ, ಮಂಡಿಗೆ ಎಣ್ಣೆ ತಿಕ್ಕೋಕೆ ನಾನಿರ್ತೀನಲ್ಲ. ನಿನಗೆ ಬೇಜಾರಾಗುತ್ತೆ, ನನಗೂ ಆಗಿದೆ. ಹೊತ್ತಿಗೆ ಸರಿಯಾಗಿ ಊಟ ಮಾಡು. ಅಮ್ಮಿಯ ದುವಾ ಸದಾ ನಿನ್ನ ತಲೆ ಮೇಲಿದೆ. ಅಲ್ಲಾಹ್ ನಿನ್ನನ್ನ ಕಾಯಲಿ.

ನಿನ್ನ
ಜೈಬಾ

ಮರೆತೆ ಅಂತ ಅಲ್ಲ, ಬರೆಯೋಕೆ ಧೈರ್ಯ ಇರಲಿಲ್ಲ. ಕಾಗದ ತಗೊಳ್ಳೋಕೆ ಕಲೀಮುಲ್ಲಾ ಬಂದು ಬಾಗಿಲಲ್ಲಿ ನಿಂತಿದ್ದಾನೆ, ಬೇಗ ಬರೀತೀನಿ. ಹೋದ ಬುಧವಾರ, ಅರ್ಜಿಯ ಕೊನೇ ದಿನದ ಹಿಂದಿನ ದಿನ, ನಾನು ತುಮಕೂರಿಗೆ ಹೋಗಿದ್ದೆ. ಆ ಡಾಕ್ಟರು ಪೆನ್ನು ತೆಗೆದು, "ಯೂನುಸ್ ಮಿಸೆಸ್ಸಾ? ಅವನದೂ ನಾನೇ ಹಾಕ್ಕೊಟ್ಟಿದ್ದು. ಒಂದೇ ಸಲ ಬಂದಿದ್ದ, ಒಳ್ಳೇ ಹುಡುಗ" ಅಂದರು. ಫಾರಂ ಅವರ ಕೈಯಿಂದ ವಾಪಸ್ ತಗೊಂಡು ಎದ್ದು ಬಂದೆ. ಆ ದೇಶಕ್ಕೆ ಹೋಗೋ ಮೊದಲು ಮೂರು ತಿಂಗಳು ಅಲ್ಲೇ ಕೆಲಸ ಮಾಡಿದೆ ಅಂದಿದ್ದೆಯಲ್ಲ ನೀನು. ಆಗ ನಾನು ಹಾಸನದಲ್ಲಿದ್ದೆ, ನೀನು ದಿನಾ ಸಂಜೆ ಫೋನ್ ಮಾಡಿ ಇವತ್ತು ಯಾವ ಆಪರೇಷನ್, ಎಷ್ಟು ಹೊಲಿಗೆ ಅಂತ ಹೇಳ್ತಿದ್ದೆ. ನಾನು ಅದನ್ನ ನನ್ನ ಗೆಳತಿಯರಿಗೆಲ್ಲ ಹೇಳ್ತಿದ್ದೆ. ಅಮ್ಮಿಗೆ ಹೇಳಿಲ್ಲ, ಯಾರಿಗೂ ಹೇಳಲ್ಲ. ನೀನೇ ಹೇಳಬೇಕು. ನಿನ್ನ ಮೇಲಿನವರ ಹತ್ತಿರ ಹೋಗಿ, ಇದು ಇದು ನನಗೆ ಬರಲ್ಲ, ಕಲಿಸಿ ಅಂತ ಹೇಳು. ಮುಂದಿನ ಆಪರೇಷನ್‌ಗೆ ಕೈ ಹಾಕೋ ಮೊದಲು ಹೇಳು. ಕೆಲಸ ಹೋದರೆ ಸಿರಾಕ್ಕೆ ಬಾ, ಆರೂವರೆ ಬಸ್ಸಿನಲ್ಲಿ ನನ್ನ ಪಕ್ಕ ಜಾಗ ಇರುತ್ತೆ.