ಎದುರುಮನೆಯ ಜಗಲಿ

ಯಲ್ಲಾಪುರ, ೧೯೩೬

ಜುಬೇದಾ ಆಪಾ ಅವರಿಗೆ ತಂಗಿ ಅಮೀರುನ್ನಿಸಾಳ ಸಲಾಮು.

ನಿಮ್ಮ ಪಕ್ಕದ ಮನೆ ಖಾಲಿಯಾಗಿದೆ, ಶಿರಸಿಗೆ ಬಂದುಬಿಡಿ ಎಂದು ಬರೆದಿದ್ದಿರಿ. ಗಾಡಿಯ ಕೆಲಸ ಅಲ್ಲಿಯೂ ಸಿಗುತ್ತದೆ, ನಿನ್ನಿಷ್ಟ ಎಂದು ಇವರು ನನಗೇ ಬಿಟ್ಟಿದ್ದಾರೆ. ನನಗೆ ಏನೂ ತೋಚುತ್ತಿಲ್ಲ.

ಇಲ್ಲಿ ಮಧ್ಯಾಹ್ನ ಊಟವಾದ ಮೇಲೆ ಓಣಿಯ ಹೆಂಗಸರು ಎದುರುಮನೆಯ ದುರ್ಗಕ್ಕನ ಜಗಲಿಯಲ್ಲಿ ಸೇರುತ್ತಾರೆ. ನಾನು ಮೊದಲು ಹೋದಾಗ ದುರ್ಗಕ್ಕ ಚಾಪೆ ಹಾಸಿ, “ಬನ್ನಿ, ಕೂತ್ಕಳಿ” ಎಂದು ಬೆಲ್ಲ, ನೀರು ಕೊಟ್ಟಿದ್ದರು. ನಾಚಿಕೆಯಿಂದ ಚಾಪೆಯ ತುದಿಯಲ್ಲಿ ಕುಳಿತು ಬಂದಿದ್ದೆ. ಈಗ ಚಾಪೆಯೂ ಇಲ್ಲ, ಬೆಲ್ಲವೂ ಇಲ್ಲ. ಮೊನ್ನೆ ಮೆಟ್ಟಿಲು ಹತ್ತುವಾಗಲೇ ಅಕ್ಕಿಯ ಮೊರ ಕೈಗಿಟ್ಟು, “ಸುಮ್ನೆ ಕೂತ್ಕಂಡು ಎಂತ ಮಾಡ್ತೀಯೆ? ಕಲ್ಲು ಆರ್ಸು” ಎಂದರು. ಉಳಿದವರು ನಕ್ಕರು. ನಾನೇನು ಇವರ ಮನೆಯ ಆಳೇ ಎನ್ನಿಸಿತು. ನಿನ್ನೆ ಹೋಗಲಿಲ್ಲ.

ಸಂಜೆ ದುರ್ಗಕ್ಕನೇ ಬಂದರು. “ನೀ ಆರ್ಸಿದ್ದ ಅಕ್ಕೀಲಿ ಕಲ್ಲು ಸಿಕ್ತು. ನಮ್ಮನೆಯವ್ರ ಹಲ್ಲು ಹೋಗ್ತಿತ್ತು” ಎಂದು ಬಾಗಿಲಲ್ಲೇ ಬೈದರು. ಆಮೇಲೆ ಒಳಗೆ ಬಂದು ಕುಳಿತು, “ಇವತ್ತು ಎಲ್ಲಿ ಅಡಗಿದ್ಯೆ? ನಿನ್ನ ಜಾಗದಲ್ಲಿ ನನ್ನ ನಾದಿನಿ ಕಾಲು ಚಾಚಿ ಮಲ್ಕಂಡಿತ್ತು” ಎಂದರು.

ಅಲ್ಲಿ ನನಗೊಂದು ಜಾಗವಿದೆಯೆಂದು ನನಗೆ ಗೊತ್ತಿರಲಿಲ್ಲ, ಆಪಾ.

ಇದು ಅಸಡ್ಡೆಯೋ, ಸಲಿಗೆಯೋ? ಅಮ್ಮನನ್ನು ಕೇಳಿ ಬರೆಯಿರಿ. ಇವತ್ತು ಜಗಲಿಗೆ ಹೋಗಲೋ ಬೇಡವೋ ಎಂದು ಇನ್ನೂ ಯೋಚಿಸುತ್ತಿದ್ದೇನೆ. ಆದರೆ ನಿಮ್ಮ ಪಕ್ಕದ ಆ ಮನೆಯನ್ನು ಬೇರೆ ಯಾರಾದರೂ ಕೇಳಿದರೆ ಕೊಡಲಿ, ನಮಗಾಗಿ ಹಿಡಿದಿಡುವುದು ಬೇಡ.

ನಿಮ್ಮ ತಂಗಿ,
ಅಮೀರುನ್ನಿಸಾ