ಹಾವಳಿಯನ್ನೇ ಒಡೆದ ಬಿರುಗಾಳಿ

ಪೊರ್ತ್‌ವೆನ್, ಕಾರ್ನ್‌ವಾಲ್
ಭಾನುವಾರ, ೧೮ ಫೆಬ್ರವರಿ ೧೯೭೯

ಪ್ರೀತಿಯ ಅಮ್ಮಾ,

ನಿನ್ನ ಮಂಡಿನೋವು ಹೇಗಿದೆ? ಕಾರ್ಡಿಫ್‌ನಲ್ಲಿ ಅಣ್ಣನ ಮನೆಗೆ ಮೂರು ಮಹಡಿ ಹತ್ತಬೇಕಲ್ಲ, ಕೂಸನ್ನು ಎತ್ತಿಕೊಂಡು ಇಳಿಯುವ ಸಾಹಸ ಮಾಡಬೇಡ. ಅಪ್ಪ ಸೌಖ್ಯ. ಕೇಸರಿ ಕೇಕ್ ತಾನೇ ಮಾಡುತ್ತೇನೆಂದು ಹೊರಟು ತಳ ಸೀಯಿಸಿದರು; ಮೇಲಿನ ಅರ್ಧ ಕೆರೆದುಕೊಂಡು ತಿಂದೆವು.

ಬಿರುಗಾಳಿಯ ಸುದ್ದಿ ರೇಡಿಯೋದಲ್ಲಿ ಕೇಳಿರುತ್ತೀಯ. ನಮ್ಮ ಮನೆ ಗುಡ್ಡದ ಮೇಲಿರುವುದರಿಂದ ನಾಲ್ಕು ಹಂಚು ಹಾರಿದವು, ಅಷ್ಟೆ. ಬಂದರಿನ ಕೆಳಬೀದಿಗೆ ಮಾತ್ರ ಸಮುದ್ರವೇ ಎದ್ದು ಬಂತು. ಯಾರ ಜೀವಕ್ಕೂ ಅಪಾಯವಾಗಲಿಲ್ಲ. ಜೀವರಕ್ಷಕ ದೋಣಿಯವರು ಎಲ್ಲರನ್ನೂ ಹೊರಗೆ ತಂದರು. ಅವರಿಗೆ ಕೃತಜ್ಞತೆ ಹೇಳುವ ನಾಲ್ಕು ಸಾಲು ಬರೆದುಕೊಂಡು ಗುರುವಾರ ನಮ್ಮ ವಾರಪತ್ರಿಕೆಯ ಕಚೇರಿಗೆ ಬಂದವಳು ಮೊರ್ವೆನ್ನಾ ಚಿಕ್ಕಮ್ಮ. ಹೌದು, ನಿನ್ನ ತಂಗಿಯೇ. ಅವಳ ಕಾಗದವನ್ನು ನೀನು ಕೆಂಪು ಶಾಯಿಯಲ್ಲಿ ತಿದ್ದಿ ಹಿಂದಕ್ಕೆ ಕಳಿಸಿದ ಮೇಲೆ ಅವಳು ನಮ್ಮಲ್ಲಿ ಯಾರೊಡನೆಯೂ ಮಾತಾಡಿದ್ದು ಅದೇ ಮೊದಲು.

ಮೊದಲ ಸಾಲಲ್ಲೇ, ಬಿರುಗಾಳಿ ಊರಲ್ಲಿ “ರೆಕ್ ಹ್ಯಾವಕ್” ಮಾಡಿತು ಎಂದು ಬರೆದಿದ್ದಳು. ಆಗಬೇಕಾದದ್ದು “ರೀಕ್ ಹ್ಯಾವಕ್” ಎಂದು ಶಾಲೆಯಲ್ಲಿ ಮೇಡಂ ಆಗಿದ್ದ ನಿನಗೆ ನಾನು ಹೇಳಬೇಕೇ? ಹಾಗೆಯೇ ಅಚ್ಚಿಗೆ ಕಳಿಸಿದರೆ ಊರು ಅವಳನ್ನು ಆಡಿಕೊಳ್ಳುತ್ತದೆ. ತಿದ್ದಿದರೆ ಅವಳು ಎದ್ದು ಹೋಗುತ್ತಾಳೆ. ನನ್ನ ಪೆನ್ಸಿಲ್ ಆ ಪದದ ಮೇಲೇ ನಿಂತಿತು.

“ಏನೇ ಅದು, ತಪ್ಪಿದ್ಯಾ? ಬಾಯಿ ಬಿಡೇ ಹುಡುಗಿ,” ಅಂದಳು.

ಹೇಳಿದೆ. “ಹ್ಯಾವಕ್ ಅಂದ್ರೆ ಹಾವಳಿ. ರೀಕ್ ಅಂದ್ರೆ ಎಬ್ಬಿಸೋದು, ರೆಕ್ ಅಂದ್ರೆ ಒಡೆದು ಹಾಕೋದು. ನೀನು ಬರೆದಿರೋ ಪ್ರಕಾರ ಗಾಳಿ ಬಂದು ಹಾವಳಿಯನ್ನೇ ಪುಡಿಪುಡಿ ಮಾಡ್ತು ಅಂತಾಗತ್ತೆ, ಚಿಕ್ಕಮ್ಮ.”

ಮೊದಲು ಮುಖ ಬಿಗಿಯಿತು. ಆಮೇಲೆ ಹೇಗೆ ನಕ್ಕಳೆಂದರೆ, ಒಳಕೋಣೆಯಿಂದ ಸಂಪಾದಕ ಟ್ರಜನ್ ಅವರು ಇಣುಕಿ ನೋಡಿದರು. “ಹಾಗೆ ಮಾಡಿದ್ದಿದ್ರೆ ಆ ಗಾಳೀನ ಒಳಗೆ ಕರೆದು ಟೀ ಕೊಡ್ತಿದ್ದೆ ಕಣೇ!” ನಗು ಇಳಿದ ಮೇಲೆ ಕುರ್ಚಿಯನ್ನು ಹತ್ತಿರ ಎಳೆದುಕೊಂಡಳು. “ತಿದ್ದು. ನನ್ನೆದುರಿಗೇ ತಿದ್ದು. ನಿಮ್ಮಮ್ಮನೂ ಹೀಗೆ ಎದುರಿಗೆ ಕೂತು ಹೇಳಿದ್ರೆ ನಾನೇನು ಕಚ್ತಿದ್ನಾ? ನಿಮ್ಮ ಚಿಕ್ಕಪ್ಪ ಡೆನ್ಜಿಲ್ ಆಸ್ಪತ್ರೇಲಿ ಒದ್ದಾಡ್ತಿದ್ದಾಗ ಬರೆದ ಕಾಗದ ಅದು. ಕಾಗುಣಿತ ನೋಡ್ಕೊಂಡು ಬರೆಯೋ ಹೊತ್ತಾ?”

ತಿದ್ದಿದೆ. ಶನಿವಾರ ಅಚ್ಚಾಯಿತು, ಒಂದು ಪ್ರತಿ ಇದರೊಂದಿಗಿದೆ. ನಾನು ಅವಳ ಪರವಾಗಿಯೂ ಬರೆಯುತ್ತಿಲ್ಲ, ನಿನ್ನ ಪರವಾಗಿಯೂ ಇಲ್ಲ. ಆಡಿದ ಮಾತು ಆಡಿದ ಹಾಗೆ ಬರೆದಿದ್ದೇನೆ.

ಅಣ್ಣ ಅತ್ತಿಗೆಗೆ ನನ್ನ ನೆನಪು ಹೇಳು. ಕೂಸಿನ ಹಿಮ್ಮಡಿಗಳಿಗೆ ಅತ್ತೆಯ ಮುದ್ದು.

ನಿನ್ನ
ಕೆರೆನ್ಸಾ

ತಾ.ಕ.: ಬರೆಯಬೇಡವೆಂದು ಚಿಕ್ಕಮ್ಮ ನನ್ನಿಂದ ಮಾತು ತೆಗೆದುಕೊಂಡಿದ್ದಳು, ಆದರೂ ಬರೆಯುತ್ತೇನೆ. ಅವಳ ಮನೆಗೆ ಸಮುದ್ರದ ಕಡೆಯ ಗೋಡೆಯೇ ಉಳಿದಿಲ್ಲ. ಪ್ರಾರ್ಥನಾ ಮಂದಿರದ ಬೆಂಚಿನ ಮೇಲೆ ಮಲಗುತ್ತಿದ್ದವಳನ್ನು ಗುರುವಾರ ಸಂಜೆ ಅಪ್ಪ ಹೋಗಿ ಕರೆತಂದರು. ನಿನ್ನ ಕೋಣೆಯಲ್ಲಿದ್ದಾಳೆ. ನೀನು ಬರುವ ಹಿಂದಿನ ದಿನವೇ ಹೊರಟುಬಿಡುತ್ತಾಳಂತೆ. ಅದಕ್ಕೇ, ಯಾವತ್ತು ಬರುತ್ತೀ ಎಂದು ಕಾಗದ ಹಾಕಬೇಡ. ಸುಮ್ಮನೆ ಬಂದುಬಿಡು.