ಮಡಚದ ಫುಟ್‌ರೆಸ್ಟ್

ಹಾಸ್ಟೆಲ್,
ಭಾನುವಾರ ಬೆಳಿಗ್ಗೆ

ಅಣ್ಣಾ,

ಕಾಲು ನೋವು ಹೇಗಿದೆ? ಕೇಳಬೇಕಲ್ಲ, ಕೇಳಿದೆ. ಇನ್ನು ಜಗಳಕ್ಕೆ ಬರುತ್ತೇನೆ. ಬೈಕಿನಿಂದ ಬಿದ್ದಾಗ ನಿನ್ನ ಫೋನೂ ಪುಡಿಯಾಯಿತಂತೆ. ಅಮ್ಮನ ಫೋನಿಗೆ ಮಾಡಿ, ಅಮ್ಮನ ಎದುರೇ ನಿನ್ನನ್ನು ಬೈಯುವುದು ಹೇಗೆ? ಅದಕ್ಕೇ ಈ ಕಾಗದ.

ನಾನು ಪೈಪು ಬಗ್ಗಿಸಿ ಮಾಡಿದ ಕ್ರ್ಯಾಶ್ ಗಾರ್ಡೇ ನಿನ್ನನ್ನು ಬೀಳಿಸಿತು ಎಂದೆಯಂತೆ. "ನಿನ್ನ ಪೈಪೇ ಹೋಗಿ ರೋಡಿಗೆ ಸಿಕ್ಕಿಕೊಂಡಿತಂತೆ ಕಣೆ. ಆ ಬೈಕ್ ಸಹವಾಸವೇ ಬೇಡ, ಗುಜರಿಯವನು ಬಂದು ಹೊತ್ಕೊಂಡ್ ಹೋಗ್ಲಿ" ಅಂದಳು ಅಮ್ಮ. ಈ ತಿಂಗಳು ನನಗೆ ಕಳಿಸುತ್ತೇವೆ ಎಂದಿದ್ದ ಬೈಕು! ದಿನಾ ಬಸ್ಸಿನ ಬಾಗಿಲಲ್ಲಿ ನೇತಾಡಿಕೊಂಡು ಹೋಗಿ, ಫಸ್ಟ್ ಪೀರಿಯಡ್ಡಿಗೆ ಲೇಟಾಗಿ, ಇಡೀ ಕ್ಲಾಸಿನ ಮುಂದೆ ನಿಂತು ಸಾರಿ ಕೇಳುವುದು ಎಂಥ ಅವಮಾನ ಎಂದು ನಿಮಗ್ಯಾರಿಗೂ ಗೊತ್ತಿಲ್ಲ.

ರಜೆಯಲ್ಲಿ ಹಿತ್ತಲಲ್ಲಿ ಏನಾಯಿತು, ನೆನಪಿಸಿಕೊ. ಪೈಪಿನೊಳಗೆ ಒಣಮರಳು ತುಂಬಿ, ಎರಡೂ ಬಾಯಿಗೆ ಬೆಣೆ ಹೊಡೆದು, ಕಾಯಿಸಿ ಕಾಯಿಸಿ ಬಗ್ಗಿಸಿದವಳು ನಾನು. ಮರಳು ಯಾಕೆ ಎಂದು ಹಾಗೇ ಬಗ್ಗಿಸಿದ ನಿನ್ನ ಪೈಪು ಜ್ಯೂಸ್ ಸ್ಟ್ರಾ ಥರ ಚಪ್ಪಟೆಯಾಗಿತ್ತು. ಆಮೇಲೆ ತಾನೇ ಗಾರ್ಡ್ ನನ್ನ ಪಾಲಿಗೆ, ಫುಟ್‌ರೆಸ್ಟ್ ನಿನ್ನ ಪಾಲಿಗೆ ಬಂದಿದ್ದು? ಫುಟ್‌ರೆಸ್ಟಿಗೆ ಒಂದು ಪಿನ್ ಹಾಕು, ನೆಲ ತಾಗಿದರೆ ಮೇಲಕ್ಕೆ ಮಡಚಿಕೊಳ್ಳಲಿ ಎಂದು ಬಡಕೊಂಡೆ. "ಮಡಚೋದೆಲ್ಲ ಮುರಿಯುತ್ತೆ. ಫಸ್ಟ್ ಇಯರ್‌ಗೇ ಇಂಜಿನಿಯರಮ್ಮ ಆಗ್ಬಿಟ್ಟಳು!" ಎಂದು ನಕ್ಕು, ಫ್ರೇಮಿಗೇ ಗಟ್ಟಿಯಾಗಿ ವೆಲ್ಡ್ ಮಾಡಿಸಿಬಿಟ್ಟೆ.

ಅಮ್ಮ ಕಳಿಸಿದ ಬೈಕಿನ ಫೋಟೊ ಜೂಮ್ ಮಾಡಿ ನೋಡಿದೆ. ನಿನ್ನ ಫುಟ್‌ರೆಸ್ಟಿನ ತುದಿ ಅಡಿಯಲ್ಲಿ ಸವೆದು ಬೆಳ್ಳಗೆ ಹೊಳೆಯುತ್ತಿದೆ. ತಿರುವಿನಲ್ಲಿ ಬೈಕು ವಾಲಿಸಿದಾಗ ಮೊದಲು ನೆಲ ಕಚ್ಚಿದ್ದು ಅದು. ಮಡಚಲಿಲ್ಲ, ಹಿಂದಿನ ಚಕ್ರವನ್ನೇ ಎತ್ತಿ ಒಗೆಯಿತು. ನನ್ನ ಗಾರ್ಡ್ ಏಟು ತಿಂದದ್ದು ಬಿದ್ದ ಮೇಲೆ. ಬಗ್ಗಿರುವುದೂ ಸರಿಯಾಗಿ ನಿನ್ನ ಮೊಣಕಾಲಿನ ಮುಂದೆಯೇ. ಅದು ಇರದಿದ್ದರೆ ಬರೀ ಪಾದ ಉಳುಕಿ ಮುಗಿಯುತ್ತಿತ್ತೇ? ಕಾಲು ಉಳಿಸಿದ್ದರ ಮೇಲೇ ಗೂಬೆ ಕೂರಿಸುತ್ತೀಯಲ್ಲ, ಯಾವ ನ್ಯಾಯ ಇದು?

ಅಮ್ಮನಿಗೆ ನಿಜ ಹೇಳು. ಹೇಳುವ ತನಕ ನಾನು ನಿನ್ನ ತಂಗಿಯೇ ಅಲ್ಲ.

ಕೆಂಡದಂಥ ಕೋಪದಲ್ಲಿ,
ನಿನ್ನ ತಂಗಿ

ತಾ.ಕ.: ಕವರಿಗೆ ಅಂಟು ಹಚ್ಚುವಾಗ ಅಮ್ಮನ ಫೋನ್ ಬಂತು. ಸವೆದ ಫುಟ್‌ರೆಸ್ಟಿನ ವಿಷಯ ತೆಗೆದೆ. ಮೊದಲು ಊಟ ಆಯ್ತಾ ಎಂದು ಮಾತು ತಿರುಗಿಸಿದಳು. ಆಮೇಲೆ, "ಅವನು ಆಸ್ಪತ್ರೆಲೇ ಹೇಳ್ದ, ತಪ್ಪು ನಂದೇ, ಅವಳ ಗಾರ್ಡಿಂದ ಕಾಲು ಉಳೀತು ಅಂತ. ನಿನ್ನ ಗಾರ್ಡ್ ಸರಿಯಿಲ್ಲ ಅಂದ್ರೆ ನೀನೇ ಬೈಕಿನ ಆಸೆ ಬಿಡ್ತೀಯ ಅಂದ್ಕೊಂಡೆ. ಅವನನ್ನ ಹಾಗೆ ನೋಡಿದ್ಮೇಲೆ ನಿನಗೆ ಹೇಗೆ ಕಳಿಸ್ಲಿ?" ಅಂದಳು. ನಿನ್ನ ಹೆಸರಲ್ಲಿ ಸುಳ್ಳು ಹೇಳಿದ್ದು ಅವಳು! ಕಾಗದ ಮಾತ್ರ ಹರಿಯುವುದಿಲ್ಲ, ಇಷ್ಟು ಕಷ್ಟಪಟ್ಟು ಬೈದಿದ್ದೇನೆ. ಅವಳ ಪಕ್ಕದಲ್ಲಿ ಕೂತು ಜೋರಾಗಿ ಓದು. ಮಡಚುವ ಫುಟ್‌ರೆಸ್ಟ್ ಕಾಲೇಜಿನ ವರ್ಕ್‌ಶಾಪಿನಲ್ಲಿ ನಾನೇ ಮಾಡುತ್ತಿದ್ದೇನೆ, ನಿನ್ನ ದೊಡ್ಡ ಪಾದದ ಅಳತೆಗೆ; ಕಾಲು ವಾಸಿಯಾದ ಮೇಲೆ ಬೈಕನ್ನು ಇಲ್ಲಿಗೆ ಓಡಿಸಿಕೊಂಡು ಬರುವವನು ನೀನೇ ತಾನೇ? ಅಲ್ಲಿಯವರೆಗೆ ಗುಜರಿಯವನನ್ನು ಗೇಟಿನ ಹೊರಗೇ ನಿಲ್ಲಿಸು.